ಕರಿಯ ಕಾಯಿಗೊಂದು ಸರಳ ರಕ್ಷಣೆ

ಚದುರಂಗದಲ್ಲಿ ಬಿಳಿಯ ಕಾಯಿ ಹಿಡಿದವನು ಆಟವನ್ನು ಪ್ರಾರಂಭಿಸುತ್ತಾನೆ. ಕರಿಯ ಕಾಯಿ ಹಿಡಿದವನು ಅದಕ್ಕೆ ಉತ್ತರ ಕೊಡುತ್ತಾನೆ. ಮನುಷ್ಯರಲ್ಲಿಯೂ ಈ ಎರಡು ಬಗೆಯವರಿದ್ದಾರೆಂಬುದು ನನ್ನ ಅಭಿಪ್ರಾಯ. ಕೆಲವರು ತಾವಾಗಿ ಹೋಗಿ ಬಾಗಿಲು ತಟ್ಟುತ್ತಾರೆ. ಉಳಿದವರು ಯಾರಾದರೂ ಬಂದು ತಟ್ಟಲಿ ಎಂದು ಒಳಗೆ ಕುಳಿತಿರುತ್ತಾರೆ. ನಾನು ಎರಡನೆಯ ಬಗೆಯವನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪುಣೆಯ ಸದಾಶಿವ ಪೇಠೆಯ ಒಂದು ವಾಡೆಯ ಮಾಳಿಗೆಯಲ್ಲಿ ಕುಳಿತು, ಒಂಬತ್ತು ವರ್ಷಗಳ ಕಾಲ ಪ್ರತಿ ರವಿವಾರ ನಾನು ಕರಿಯ ಕಾಯಿಗಳಿಂದಲೇ ಆಡಿದ್ದೇನೆ ಮತ್ತು ಬಹುತೇಕ ಪ್ರತಿ ರವಿವಾರ ಸೋತಿದ್ದೇನೆ. ಕರಿಯ ಕಾಯಿ ಎಂದದ್ದು ರೂಢಿಯನ್ನನುಸರಿಸಿ. ವಸ್ತುತಃ ನನ್ನಲ್ಲಿರುವವು ಸಾವಂತವಾಡಿಯ ಅರಗಿನ ಕಾಯಿಗಳು. ಒಂದು ಪಕ್ಷ ಕೆಂಪು, ಇನ್ನೊಂದು ಹಸಿರು. ನಾನು ಸೋತದ್ದು ಹಸಿರು ಕಾಯಿಗಳಿಂದ ಎಂಬುದನ್ನು ಸತ್ಯಕ್ಕಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ಇಂಥ ತಿದ್ದುಪಡಿಗಳ ಚಟ ನನಗೆ ವೃತ್ತಿಯಿಂದ ಬಂದದ್ದು. ಒಂದು ಸಂಶೋಧನ ಸಂಸ್ಥೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಾಡಿದ ಕೆಲಸ ಒಂದೇ: ತಾಮ್ರಪಟಗಳಲ್ಲಿಯ ದಿನಾಂಕಗಳನ್ನು ಪರೀಕ್ಷಿಸುವುದು. ಇಂಥ ಶಕವರ್ಷದ ಇಂಥ ಮಾಸದ ಇಂಥ ತಿಥಿ ಸೋಮವಾರ ಎಂದು ಶಾಸನ ಹೇಳಿದರೆ, ಅಂದು ನಿಜವಾಗಿಯೂ ಸೋಮವಾರವಿತ್ತೇ ಎಂದು ಗಣಿತ ಹಾಕಿ ನೋಡಬೇಕು. ಇಲ್ಲದ ಸೋಮವಾರಗಳಂದು ಭೂದಾನ ಮಾಡಿದ ಎಷ್ಟೋ ಅರಸರನ್ನು ನಾನು ಹಿಡಿದಿದ್ದೇನೆ. ನನ್ನ ನಿವೃತ್ತಿಯ ಸಮಾರಂಭದಲ್ಲಿ ಅಧ್ಯಕ್ಷರು ನಾನು ಕೆಲಸಕ್ಕೆ ಸೇರಿದ ದಿನವನ್ನು ತಪ್ಪಾಗಿ ಹೇಳಿದರು. ನಾನು ಎದ್ದು ನಿಂತು ತಿದ್ದಿದೆ. ಹಾರ ಹಿಡಿದು ಬರುತ್ತಿದ್ದ ಗೃಹಸ್ಥರು ನಡುವೆಯೇ ನಿಂತರು. ಆಮೇಲೆ ಮಾತನಾಡಬೇಕಾಗಿದ್ದ ಇಬ್ಬರು ತಮಗೆ ನೆಗಡಿಯಾಗಿದೆ ಎಂದರು. ಮನೆಗೆ ಬರುವಾಗ ನನ್ನ ಹೆಂಡತಿ, "ಹಾರ ಹಾಕೂ ತನಕಾದ್ರೂ ಸುಮ್ಮನಿರಬೇಕಿಲ್ಲೇನ್ರಿ" ಎಂದಳು. ಎರಡು ವರ್ಷದ ಮೇಲೆ ಅವಳು ತೀರಿಕೊಂಡಳು. ಆ ದಿನಾಂಕವೊಂದನ್ನು ಮಾತ್ರ ನಾನು ಯಾವ ಪಂಚಾಂಗದಲ್ಲಿಯೂ ತಾಳೆ ನೋಡಿಲ್ಲ. ಓದುಗರು ಈ ಬರಹದಲ್ಲಿ ಬೇರೆ ದಿನಾಂಕಗಳನ್ನೂ ನಿರೀಕ್ಷಿಸಬಾರದು. ಕೊಟ್ಟರೆ ಪರಿಶೀಲಿಸಬೇಕಾಗುತ್ತದೆ, ಪರಿಶೀಲಿಸಲು ಹೊರಟರೆ ಬರಹ ಮುಗಿಯುವುದಿಲ್ಲ. ಯುದ್ಧ ನಡೆದಿತ್ತು, ಕಾಗದ ಸಿಗುತ್ತಿರಲಿಲ್ಲ ಎಂದಷ್ಟು ತಿಳಿದರೆ ಸಾಕು.

ರವಿವಾರಗಳಂದು ನನ್ನ ಬಾಗಿಲನ್ನು ತಟ್ಟುತ್ತಿದ್ದವರು ಸ್ವಾಮಿರಾಯರು. ಬೆಳಗಾವಿಯ ಕಡೆಯವರು, ಖಡಕಿಯ ಒಂದು ಸರಕಾರಿ ಕಚೇರಿಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಚೇರಿಯ ಬಿಡುವಿನ ವೇಳೆಯಲ್ಲಿ ಗೋರಾ ಸಿಪಾಯಿಗಳೊಡನೆ ಆಡಿ ವಿಲಾಯತಿ ಪದ್ಧತಿಯ ಚದುರಂಗ ಕಲಿತಿದ್ದರು. ಒಂದು ವಾಚನಾಲಯದಲ್ಲಿ ಇಬ್ಬರೂ ಒಂದೇ ವೃತ್ತಪತ್ರಿಕೆಗೆ ಕೈಹಾಕಿದಾಗ, ಅವರು ಮರಾಠಿಯಲ್ಲಿ ಕ್ಷಮೆ ಕೇಳಿ ಕನ್ನಡದಲ್ಲಿ ಗೊಣಗಿದರು, ಪರಿಚಯವಾಯಿತು. ಆ ಮೇಲೆ ಪ್ರತಿ ರವಿವಾರ ನಾಲ್ಕು ಗಂಟೆಗೆ ಅವರು ಬರುವುದು, ಆರು ಗಂಟೆಗೆ ಹೋಗುವುದು. ನಾನು ವಾರದಲ್ಲಿ ಕನ್ನಡ ಮಾತನಾಡುತ್ತಿದ್ದುದು ಆ ಎರಡು ತಾಸು ಮಾತ್ರ. ಮನೆಗೆ ಬಂದವರಿಗೆ ಬಿಳಿಯ ಕಾಯಿ ಕೊಡಬೇಕೆಂಬುದು ನಾನು ಮೊದಲ ದಿನವೇ ಮಾಡಿದ ನಿಯಮ. ಅತಿಥಿಗೆ ಕರಿಯ ಕಾಯಿ ಕೊಟ್ಟು ಕುಳ್ಳಿರಿಸುವುದು ನನಗೆ ಎಂಜಲೆಲೆ ಹಾಕಿದಂತೆ ಕಾಣುತ್ತಿತ್ತು. ಅವರೇ ಯಾವಾಗಲೂ ಬರುತ್ತಿದ್ದುದರಿಂದ ಬಿಳಿ ಯಾವಾಗಲೂ ಅವರದು. ನಾನು ಅವರ ಮನೆಗೆ ಹೋದದ್ದು ಒಮ್ಮೆ ಮಾತ್ರ, ಅವರ ಮೊಮ್ಮಗನ ಮುಂಜಿಗೆ. ಮುಹೂರ್ತ ಹತ್ತು ನಿಮಿಷ ತಪ್ಪಿದೆ ಎಂದು ಅಲ್ಲಿ ಹೇಳಿದ್ದೆ.

ನನಗೆ ಚದುರಂಗ ಕಲಿಸಿದವಳು ಧಾರವಾಡದಲ್ಲಿ ನಮ್ಮ ಮನೆಯಲ್ಲಿಯೇ ಇದ್ದ ಸೋದರತ್ತೆ. ಮಧ್ಯಾಹ್ನದ ಕೆಲಸ ಮುಗಿಸಿ, ಹಳೆಯ ಸೀರೆಯ ಮೇಲೆ ದಾರದಿಂದ ಮನೆಗಳನ್ನು ಹೊಲಿದ ಹಾಸನ್ನು ಬಿಡಿಸಿ ಕೂಡುತ್ತಿದ್ದಳು. ಅವಳದು ದೇಶಿ ಪದ್ಧತಿ. ಅದರಲ್ಲಿ ಪ್ಯಾದೆ, ಅಂದರೆ ಕಾಲಾಳು, ಮೊದಲ ನಡೆಯಿಂದಲೇ ಒಂದೊಂದು ಮನೆ ಮಾತ್ರ ನಡೆಯಬೇಕು. ವಿಲಾಯತಿ ಪದ್ಧತಿಯಲ್ಲಿ ಅದು ಮೊದಲ ಸಲ ಎರಡು ಮನೆ ಹಾರಬಹುದು. ಸ್ವಾಮಿರಾಯರ ಸಲುವಾಗಿ ನಾನು ವಿಲಾಯತಿ ನಿಯಮಗಳನ್ನು ಒಪ್ಪಿಕೊಂಡೆ. ಆದರೆ ಕೈ ಒಪ್ಪಲಿಲ್ಲ. ಎರಡು ಮನೆ ಹಾರಿಸಲು ಹೋದಾಗಲೆಲ್ಲ ಅತ್ತೆ ಬೆರಳಿನ ಗೆಣ್ಣಿಗೆ ಹೊಡೆದಂತಾಗುತ್ತಿತ್ತು. ಆದ್ದರಿಂದ ಅವರು ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ದೂಡಿದರೆ, ನಾನು ವಜೀರನ ಮುಂದಿನ ಪ್ಯಾದೆಯನ್ನು ಒಂದೇ ಮನೆ ದೂಡುತ್ತಿದ್ದೆ. ಅನಂತರ ರಾಜನ ಕಡೆಯ ಕುದುರೆ ಹೊರಗೆ. ಅನಂತರ ಆ ಬದಿಯ ಇನ್ನೊಂದು ಪ್ಯಾದೆ, ಅದೂ ಒಂದೇ ಮನೆ. ಇದಕ್ಕೊಂದು ಹೆಸರಿದ್ದೀತೆಂದು ನನಗೆ ಎಂದೂ ಅನಿಸಿರಲಿಲ್ಲ. ಅತ್ತೆ ಹೇಳಿಕೊಟ್ಟ ಬೇಳೆಸಾರಿಗೆ ಯಾರು ಹೆಸರಿಡುತ್ತಾರೆ?

ಈ ನಡುವೆ ನನ್ನ ಗೋಡೆಯ ಗಡಿಯಾರ ಕೆಟ್ಟಿತು. ಕೆಟ್ಟಿತೆಂದು ನಾನು ತಿಳಿದೆ. ಸ್ವಾಮಿರಾಯರು ನಾಲ್ಕಕ್ಕೆ ಸರಿಯಾಗಿ ಬರುವವರು; ಒಂದು ರವಿವಾರ ಅವರು ಬಂದಾಗ ಗಡಿಯಾರ ನಾಲ್ಕು ಗಂಟೆ ನಾಲ್ಕು ನಿಮಿಷ ತೋರಿಸಿತು. ಮುಂದಿನ ವಾರ ಆರು ನಿಮಿಷ. ಅದರ ಮುಂದಿನ ವಾರ ಒಂಬತ್ತು. ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಗಡಿಯಾರ ಮುಂದೆ ಓಡುತ್ತಿದೆ ಎಂದು ನಿಶ್ಚಯಿಸಿ, ಅದನ್ನು ಧೋತರದಲ್ಲಿ ಸುತ್ತಿಕೊಂಡು ಲಕ್ಷ್ಮಿ ರಸ್ತೆಯ ಅಂಗಡಿಗೆ ಒಯ್ದೆ. ಅಂಗಡಿಯವನು ಎಂಟು ದಿನ ಇಟ್ಟುಕೊಂಡು, ಯಂತ್ರದಲ್ಲಿ ದೋಷವೇನೂ ಇಲ್ಲವೆಂದು ಹಿಂದಿರುಗಿಸಿದ. ನಾನು ಅವನನ್ನು ನಂಬಲಿಲ್ಲ.

ಹೀಗಿರಲು ಒಂದು ರವಿವಾರ, ಹದಿನೆಂಟನೆಯ ನಡೆಯಲ್ಲಿ ನನ್ನ ವಜೀರನನ್ನು ತೆಗೆದುಕೊಂಡ ಮೇಲೆ ಸ್ವಾಮಿರಾಯರು ಹೇಳಿದರು: "ರಾಯರ, ನೀವು ಸೋಲೂದು ನನಗೇನು ಬ್ಯಾಸರಿಲ್ರಿ. ಆದ್ರ ಯಾವ ಡಿಫೆನ್ಸಿನಾಗ ಸೋತ್ರಿ ಅಂತ ನಿಮಗಾದ್ರೂ ತಿಳೀಬೇಕಲ್ಲ. ಹೆಸರಿಲ್ಲದ ಸೋಲು ಭಾಳ ಕೆಟ್ಟದ್ರಿ."

"ಹೆಸರಿದ್ರ ಗೆಲ್ತೀನೇನ್ರಿ?" ಎಂದೆ.

"ಗೆಲ್ಲೂದಿಲ್ಲ. ಪುಸ್ತಕದಾಗ ಇದ್ದಂಗ ಸೋಲ್ತೀರಿ. ಅದಕ್ಕೊಂದು ಮರ್ಯಾದಿ ಅದ."

ಹೀಗೆಂದು ಅವರು ಕೈಚೀಲದಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟರು. ಕ್ಯಾಂಪಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕದ್ದಂತೆ. "ಪೂರಾ ಓದ್ರಿ, ಕಡೀ ಪುಟದ ತನಕ. ಕರೀ ಕಾಯಿಗೆ ಸಾದಾ ಇರೋದೊಂದು ಆರಿಸ್ರಿ. ಎರಡು ವಾರ ನಾ ಬರೂದಿಲ್ಲ. ಆರಿಸಿದ ಮ್ಯಾಲೆ ಒಂದು ಕಾರ್ಡ್ ಹಾಕ್ರಿ. ಇಲ್ಲಾ, ಹಂಗ ನಮ್ಮ ಕಡೆನ ಬಂದುಬಿಡ್ರಲಾ."

"ಕಾರ್ಡ್ ಹಾಕ್ತೀನಿ" ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಕಟಕಟೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಒಂದು ಸರಳ ರಕ್ಷಣೆಯನ್ನು ಆರಿಸುವುದು ಸಾಮಾನ್ಯ ಮನುಷ್ಯನಿಗೆ ಒಂದು ಸಂಜೆಯ ಕೆಲಸ. ನಾನು ಅದನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡೆ. ಟಿಪ್ಪಣಿಗೆ ಕಾಗದವಿರಲಿಲ್ಲವಾದ್ದರಿಂದ, ಮನೆಯಲ್ಲಿ ಕೂಡಿಬಿದ್ದಿದ್ದ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದೆ. ಕತ್ತರಿಸುವ ಮೊದಲು ಅವುಗಳ ಮುಹೂರ್ತಗಳನ್ನು ನೋಡಿದೆ, ಅದರಲ್ಲಿ ನಾಲ್ಕು ದಿನ ಹೋಯಿತು. ಮೊದಲನೆಯದು ಫ್ರೆಂಚ್ ರಕ್ಷಣೆ. ರಾಜನ ಮುಂದಿನ ಪ್ಯಾದೆಯನ್ನು ಒಂದು ಮನೆ ನಡೆಸಿ ಗೋಡೆ ಕಟ್ಟಿಕೊಂಡು ಕೂಡುವ ಕ್ರಮ; ನನ್ನ ಸ್ವಭಾವಕ್ಕೆ ಒಪ್ಪುವಂಥದು. ಆದರೆ ಎರಡು ಪಟ್ಟಣಗಳವರು ಟಪಾಲಿನ ಮೂಲಕ ಆಡಿದ ಒಂದು ಆಟದಿಂದ ಇದಕ್ಕೆ ಆ ಹೆಸರು ಬಂತೆಂದು ಹೇಳಿ, ಗ್ರಂಥಕರ್ತನು ಮುನ್ನುಡಿಯಲ್ಲಿ ಒಂದು ವರ್ಷವನ್ನೂ ಅನುಕ್ರಮಣಿಕೆಯಲ್ಲಿ ಇನ್ನೊಂದು ವರ್ಷವನ್ನೂ ಕೊಟ್ಟಿದ್ದ. ಎರಡರಲ್ಲಿ ಯಾವುದು ಸರಿ ಎಂದು ತಿಳಿಯದೆ ಪ್ಯಾದೆಯನ್ನು ಮುಟ್ಟುವುದು ನನ್ನಿಂದ ಸಾಧ್ಯವಿರಲಿಲ್ಲ. ಲಂಡನ್ನಿನ ಪ್ರಕಾಶಕರಿಗೆ ಪತ್ರ ಬರೆದೆ. ಹಡಗುಗಳು ಮುಳುಗುತ್ತಿದ್ದ ಕಾಲ. ಉತ್ತರ ಬರಲಿಲ್ಲ, ನನ್ನ ಪ್ರಶ್ನೆ ಈಗ ಯಾವ ಸಮುದ್ರದ ತಳದಲ್ಲಿದೆಯೋ ಗೊತ್ತಿಲ್ಲ.

ಎರಡನೆಯದು ಸಿಸಿಲಿ ದ್ವೀಪದ ಹೆಸರಿನದು. ಸಾದಾ ಇರಲಿ ಎಂದು ಸ್ವಾಮಿರಾಯರು ಹೇಳಿದ್ದರು. ಇದಕ್ಕೆ ನಲವತ್ತು ಪುಟಗಳಿದ್ದವು, ಕವಲಿಗೆ ಕವಲು, ಉಪಕವಲು. ಮೂರನೆಯದಕ್ಕೆ ಇಬ್ಬರು ಗೃಹಸ್ಥರ ಹೆಸರುಗಳನ್ನು ಕೂಡಿಸಿ ಇಟ್ಟಿದ್ದರು. ಇಬ್ಬರಲ್ಲಿ ಮೊದಲು ಆಡಿದವರು ಯಾರೆಂಬುದನ್ನು ಗ್ರಂಥ ಹೇಳುತ್ತಿರಲಿಲ್ಲ. ಕೊನೆಯಲ್ಲಿ, ಒಂದೂವರೆ ಪುಟದ ಒಂದು ಸಣ್ಣ ಅಧ್ಯಾಯವಿತ್ತು. ಅದಕ್ಕೆ 'ಇಂಡಿಯನ್' ರಕ್ಷಣೆ ಎಂದು ಹೆಸರು. ಕಲಕತ್ತೆಯಲ್ಲಿ ಒಬ್ಬ ಬಂಗಾಲಿ ಗೃಹಸ್ಥ ಒಬ್ಬ ಸಾಹೇಬನೊಡನೆ ಹೀಗೆ ಆಡುತ್ತಿದ್ದನೆಂದು ಅಡಿಟಿಪ್ಪಣಿ. ಯಾವಾಗ? ವರ್ಷವಿಲ್ಲ. ದಿನಾಂಕವಿಲ್ಲದ ಅಡಿಟಿಪ್ಪಣಿಯನ್ನು ನಮ್ಮ ವೃತ್ತಿಯಲ್ಲಿ ಪಂಕ್ತಿಗೆ ಕೂಡಿಸುವುದಿಲ್ಲ. ಸಾಹೇಬರು ತಿಳಿಯದ್ದಕ್ಕೆಲ್ಲ ಇಂಡಿಯನ್ ಎಂದು ಹೆಸರಿಡುತ್ತಾರೆಂಬುದೂ ನನಗೆ ಅನುಭವದಿಂದ ಗೊತ್ತಿತ್ತು. ಅಂಚಿನಲ್ಲಿ ಸೀಸದಕಡ್ಡಿಯಿಂದ 'ಕಾಲನಿರ್ದೇಶವಿಲ್ಲ. ಪ್ರಮಾಣ ಸಾಲದು. ತ್ಯಾಜ್ಯ' ಎಂದು ಬರೆದು, ನಡೆಗಳನ್ನು ಓದದೆ ಪುಟ ಮಗುಚಿದೆ.

ಎರಡು ವಾರಗಳು ಕಳೆದವು, ಮತ್ತೆ ಎರಡು. ಪ್ರತಿ ಶನಿವಾರ ಕಾರ್ಡು ತೆಗೆದು 'ಶ್ರೀ ಸ್ವಾಮಿರಾಯರಿಗೆ ಸಾಷ್ಟಾಂಗ ನಮಸ್ಕಾರ. ಇನ್ನು ಒಂದೇ ಒಂದು ದಿನಾಂಕ ಬಾಕಿ' ಎಂದು ಬರೆದು, ಇಷ್ಟು ಹೇಳಲು ಕಾರ್ಡೇಕೆ ಎಂದು ಒಳಗಿಡುತ್ತಿದ್ದೆ. ರವಿವಾರ ನಾಲ್ಕಕ್ಕೆ ಅತ್ತೆಯ ಆ ಹಾಸನ್ನು ಬಿಡಿಸಿ ಕಾಯಿಗಳನ್ನು ಹೂಡುತ್ತಿದ್ದೆ. ಎದುರಿಗೆ ಯಾರೂ ಇಲ್ಲದಾಗ ಕೆಂಪು ಕಾಯಿಯನ್ನೂ ನಾನೇ ನಡೆಸಬೇಕು. ಆದರೆ ಮೊದಲ ನಡೆ ನಡೆಸಿ ನನಗೆ ರೂಢಿಯಿಲ್ಲ. ಕೈಕಟ್ಟಿಕೊಂಡು, ಯಾರೋ ಪ್ರಾರಂಭಿಸುವರೆಂದು ಕಾಯುತ್ತ ಕೂಡುತ್ತಿದ್ದೆ. ಆರು ಗಂಟೆಗೆ ಮಡಿಸಿಡುತ್ತಿದ್ದೆ. ದಿನಚರಿಯ ರವಿವಾರಗಳಲ್ಲಿ ಒಂಬತ್ತು ವರ್ಷದಿಂದ 'ಬಂದರು. ಸೋತೆ' ಎಂಬ ಎರಡು ಶಬ್ದಗಳಿರುತ್ತಿದ್ದವು. ಈಗ ಬರೆಯಲು ಏನೂ ಇರಲಿಲ್ಲ. ಸೋಲು ಇಷ್ಟು ದೊಡ್ಡ ಆಸ್ತಿ ಎಂದು ನನಗೆ ತಿಳಿದಿರಲಿಲ್ಲ. ಒಂದು ದಿನ ಪೇಟೆಯಲ್ಲಿ ಕಾಯಿಪಲ್ಲೆಯ ಹೆಂಗಸಿಗೆ ನನಗರಿವಿಲ್ಲದೆ, "ಬದನಿಕಾಯಿ ಎಳೇವು ಅದಾವೇನವ್ವಾ? ನಮ್ಮ ಸ್ವಾಮಿರಾಯರು ಈಗ ಬರೂದಿಲ್ಲ ನೋಡು" ಎಂದೆ. ಅವಳಿಗೆ ಕನ್ನಡ ಬರದು. ಏನೂ ವಿಚಾರಿಸದೆ ಬದನೆಕಾಯಿ ತೂಗಿ ಕೊಟ್ಟಳು. ಆ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಿದ ಸಮಾಧಾನ ಎರಡು ದಿನ ಉಳಿಯಿತು.

ಹನ್ನೊಂದನೆಯ ರವಿವಾರ ಮಧ್ಯಾಹ್ನ, ಕೆಳಗಿನ ಪಾಲಿನಲ್ಲಿರುವ ವಾಡೆಯ ಮಾಲಕೀಣಬಾಯಿ ನನ್ನನ್ನು ಅಂಗಳದಲ್ಲಿ ತಡೆದು, "ಕಾಯ್ ಹೋ, ತುಮಚೇ ಪಾಹುಣೇ ಆತಾ ಯೇತ ನಾಹೀತ?" ಎಂದು ಕೇಳಿದರು. ನಿಮ್ಮ ಅತಿಥಿ ಈಗ ಬರುವುದಿಲ್ಲವೇ ಎಂದು. ನಾನು ಕಾರ್ಡು ಹಾಕಬೇಕಾಗಿದೆ, ಹಾಕಿದೊಡನೆ ಬರುತ್ತಾರೆ ಎಂದೆ. ಆ ಮುದುಕಿ ಕೈಯಲ್ಲಿಯ ಮೊರವನ್ನು ಕೆಳಗಿಟ್ಟರು. ಮರಾಠಿಯಲ್ಲಿ ಅವರಾಡಿದ ಮಾತಿನ ಸಾರಾಂಶವಿಷ್ಟು: ಆ ಮನುಷ್ಯನಿಗೆ ಮೊಣಕಾಲು ಹೋಗಿದೆ, ಬರುವುದನ್ನು ನಿಲ್ಲಿಸುವ ಮೊದಲಿನ ಎಷ್ಟೋ ವಾರ ನಿನ್ನ ಇಪ್ಪತ್ತೊಂದು ಮೆಟ್ಟಿಲುಗಳ ನಡುವೆ ಕುಳಿತು ಸುಧಾರಿಸಿಕೊಂಡು ಮೇಲೆ ಬರುತ್ತಿದ್ದ, ನಾನು ನೀರು ಕೊಡುತ್ತಿದ್ದೆ, ಮೇಲೆ ಹೇಳಬೇಡಿರೆಂದು ನನಗೆ ಆಣೆ ಹಾಕಿದ್ದ, ಅಂಥವನನ್ನು ಮತ್ತೆ ಮೆಟ್ಟಿಲು ಹತ್ತಲು ಕಾರ್ಡು ಹಾಕಿ ಕರೆಯುತ್ತೀಯಾ?

ನಾನು ಮೇಲೆ ಹೋಗಿ ದಿನಚರಿ ತೆಗೆದೆ. ನಾಲ್ಕು ನಿಮಿಷ, ಆರು ನಿಮಿಷ, ಒಂಬತ್ತು ನಿಮಿಷ. ಎಲ್ಲ ಸಾಮಗ್ರಿಯೂ ನನ್ನ ಅಕ್ಷರದಲ್ಲಿಯೇ ಇತ್ತು. ಎಂಟು ನೂರು ವರ್ಷದ ಹಿಂದಿನ ಅರಸನು ಸೋಮವಾರದ ಬಗೆಗೆ ಸುಳ್ಳು ಹೇಳಿದ್ದನ್ನು ಹಿಡಿದವನು, ಒಬ್ಬ ಮನುಷ್ಯ ನನ್ನ ಮೆಟ್ಟಿಲ ಮೇಲೆ ಕುಳಿತದ್ದನ್ನು ಕಾಣದೆ ಗಡಿಯಾರವನ್ನು ರಿಪೇರಿಗೆ ಕೊಟ್ಟಿದ್ದೆ. ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಕೆಳಗಿಳಿದು ಟಾಂಗಾ ಮಾಡಿದೆ. ನದಿ ದಾಟಿ ಖಡಕಿಯ ರಸ್ತೆ ಹಿಡಿಯುವ ಹೊತ್ತಿಗೆ ದಾರಿಯಲ್ಲಿಯೇ ಒಂದು ರಕ್ಷಣೆಯನ್ನೂ ಆರಿಸಿಬಿಟ್ಟೆ. ಫ್ರೆಂಚ್. ವರ್ಷ ಯಾವುದಾದರೂ ಇರಲಿ. ಇಷ್ಟು ದೊಡ್ಡ ವಿಷಯವನ್ನು ಪ್ರಮಾಣವಿಲ್ಲದೆ ನಾನು ನಿರ್ಣಯಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಬಾಗಿಲು ತೆರೆದವರು ಸ್ವಾಮಿರಾಯರ ಹೆಂಡತಿ ಕಾಶೀಬಾಯಿ. "ಬರ್ರಿ ರಾಯರ, ಅಂತೂ ಹಾದಿ ಸಿಕ್ತಲ್ಲ ನಿಮಗ" ಎಂದರು. "ಶನಿವಾರ ಟಪಾಲಿನವನ ಹಾದಿ ಕಾಯ್ತಾರ. ಐತವಾರ ಅಂಗಿ ಟೊಪಿಗಿ ಹಾಕ್ಕೊಂಡು ಕೂಡತಾರ. ಎಲ್ಲಿಗೆ ಹೊಂಟೀರಿ ಅಂದ್ರ, ಎಲ್ಲಿಗಿಲ್ಲ ಅಂತಾರ."

ಸ್ವಾಮಿರಾಯರು ಕುರ್ಚಿಯಲ್ಲಿ, ಎಡಗಾಲನ್ನು ಮಣೆಯ ಮೇಲೆ ಚಾಚಿಕೊಂಡು ಕುಳಿತಿದ್ದರು. ಅಂಗಿ ಟೊಪ್ಪಿಗೆ ಹಾಕಿಕೊಂಡೇ ಇದ್ದರು. ನಾನು ಕಾಲನ್ನು ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. ಅವರು ಮೇಜಿನ ಮೇಲೆ ಹಲಗೆಯನ್ನಿಟ್ಟು ಕಾಯಿಗಳನ್ನು ಹೂಡಿ, ಬಿಳಿಯ ಬದಿಯನ್ನು ನನ್ನ ಕಡೆ ತಿರುಗಿಸಿದರು.

"ಅಲ್ರಿ, ನಾ ಕರೀ ಕಾಯಿಗೆ ತಯಾರಿ ಮಾಡಿಕೊಂಡು ಬಂದೀನಿ" ಎಂದೆ. "ಹನ್ನೊಂದು ವಾರದ ತಯಾರಿ."

"ಮನಿಗೆ ಬಂದವರಿಗೆ ಬಿಳೀ. ಪದ್ಧತಿ ನಿಮ್ದ, ನಂದಲ್ಲ. ನಡಸ್ರಿ."

ಒಂಬತ್ತು ವರ್ಷದಲ್ಲಿ ನಾನು ನೋಡಿದ್ದ ಬಿಳಿಯ ನಡೆಗಳು ಅವರವು ಮಾತ್ರ. ಅವನ್ನೇ ನಡೆಸಿದೆ: ರಾಜನ ಮುಂದಿನ ಪ್ಯಾದೆ ಎರಡು ಮನೆ. ಬೆರಳನ್ನು ಥಟ್ಟನೆ ಹಿಂದಕ್ಕೆಳೆದುಕೊಂಡೆ, ಅತ್ತೆ ಎಲ್ಲಿದ್ದರೂ ನೋಡಿಯಾಳೆಂದು. ಸ್ವಾಮಿರಾಯರು ವಜೀರನ ಮುಂದಿನ ಪ್ಯಾದೆಯನ್ನು ಒಂದೇ ಮನೆ ದೂಡಿದರು. ಆಮೇಲೆ ಕುದುರೆ ಹೊರಗೆ. ಆಮೇಲೆ ಆ ಬದಿಯ ಪ್ಯಾದೆ, ಒಂದೇ ಮನೆ. ನಾನು ಹಲಗೆಯನ್ನು ನೋಡುತ್ತ ಕುಳಿತೆ. ಅದನ್ನು ಒಡೆಯುವ ದಾರಿ ಎಲ್ಲಿಯೂ ಕಾಣಲಿಲ್ಲ. ಎದುರಿನಿಂದ ನೋಡಿದರೆ ಅದು ಇಷ್ಟು ಗಟ್ಟಿಯಾಗಿರುತ್ತದೆಂದು ಹಿಂದೆ ಕುಳಿತವನಿಗೆ ಹೇಗೆ ತಿಳಿಯಬೇಕು?

"ಇದ್ಯಾವ ಡಿಫೆನ್ಸ್‌ರಿ?" ಎಂದೆ.

"ನಿಮ್ದ. ಒಂಬತ್ತು ವರ್ಷ ನನ್ನ ತಲಿ ತಿಂದದ್ದು. ಪುಸ್ತಕ ಕೊಡ್ರಿ ಇಲ್ಲೆ." ಅವರು ಕೊನೆಯ ಅಧ್ಯಾಯವನ್ನು ತೆಗೆದರು, ತೆಗೆದು ಅಂಚಿನಲ್ಲಿಯ ನನ್ನ ಅಕ್ಷರವನ್ನು ಕಂಡರು. ನಿಧಾನವಾಗಿ, ಶಾಸನ ಓದುವವರಂತೆ ಓದಿದರು: "ಕಾಲನಿರ್ದೇಶವಿಲ್ಲ. ಪ್ರಮಾಣ ಸಾಲದು. ತ್ಯಾಜ್ಯ." ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಬಹಳ ಹೊತ್ತು ಸದ್ದಿಲ್ಲದೆ ನಕ್ಕರು. "ನಿಮ್ಮತ್ತಿ ಆಟ ವಿಲಾಯತಿ ಪುಸ್ತಕದಾಗ ಅದ ಅಂತ ನೋಡಿ, ಹಿಗ್ಗಿ, ಮರುದಿನಾನ ಓಡಿಬರ್ತೀರಿ ಅಂತ ಮಾಡಿದ್ದೆ. ಈ ಮನಿಗೆ ನಿಮ್ಮನ್ನ ತರಸೂದು ಹೆಂಗ ಅಂತ ಭಾಳ ವಿಚಾರ ಮಾಡಿ ಆಡಿದ ಆಟ ಅದು. ನೀವು ನಿಮ್ಮತ್ತೀನ ತ್ಯಾಜ್ಯ ಮಾಡಿಬಿಟ್ರಿ."

ಒಂಬತ್ತು ವರ್ಷ ಅದರಿಂದಲೇ ಸೋತೆನಲ್ಲ ಎಂದು ನಾನು ಆಕ್ಷೇಪಿಸಿದೆ. "ಆರಂಭದಾಗ ನೀವು ಎಂದೂ ಸೋತಿಲ್ರಿ" ಎಂದರು. "ನಡುವ ಏನರೆ ಮಾತು ಬರ್ತದ. ಅದು ಯಾವ ಇಸವಿ ಅಂತ ನೋಡಲಿಕ್ಕೆ ಎದ್ದು ಕಪಾಟಿಗೆ ಹೋಗ್ತೀರಿ. ಹೊಳ್ಳಿ ಬಂದು ಯಾರ ಪಾಳಿ ಅಂತ ಕೇಳ್ತೀರಿ. ಅಲ್ಲೆ ಸೋಲ್ತೀರಿ." ಅಂದು ಕಪಾಟು ಇರಲಿಲ್ಲ. ಆದರೂ ಮೂವತ್ತನೆಯ ನಡೆಗೆ ಸೋತೆ, ನನ್ನ ಅತ್ತೆಯ ಕೈಯಲ್ಲಿ.

ಈಗ ಪ್ರತಿ ರವಿವಾರ ನಾನೇ ಖಡಕಿಗೆ ಹೋಗುತ್ತೇನೆ. ದಿನಚರಿಯಲ್ಲಿ 'ಹೋದೆ. ಸೋತೆ' ಎಂದು ಬರೆಯುತ್ತೇನೆ. ಅತಿಥಿಯಾದ್ದರಿಂದ ಬಿಳಿ ಯಾವಾಗಲೂ ನನ್ನದು. ಕರಿಯ ಕಾಯಿಯ ಬಗೆಗೆ ಕೂಡಿಹಾಕಿದ ಚೀಟಿಗಳು ಒಂದು ಪಾದರಕ್ಷೆಯ ಪೆಟ್ಟಿಗೆ ತುಂಬ ಇವೆ, ಬೇಕಾದವರು ಒಯ್ಯಬಹುದು. ಟಾಂಗಾ ಅವರ ಓಣಿಯೊಳಗೆ ಬರುವುದಿಲ್ಲ. ಮೂಲೆಯಲ್ಲಿ ಇಳಿದು ಸಣ್ಣ ಏರನ್ನು ಹತ್ತಬೇಕು. ಏರಿನ ನಡುವೆ ಒಂದು ಬೇವಿನ ಮರವಿದೆ; ಅದರ ಕೆಳಗೆ ನಿಂತು ಕಿಸೆಯ ಗಡಿಯಾರವನ್ನು ನೋಡುವುದು ನನ್ನ ಪದ್ಧತಿ. ನೋಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಹೋದ ರವಿವಾರ ನಾನು ಒಳಗೆ ಕಾಲಿಟ್ಟಾಗ ಸ್ವಾಮಿರಾಯರು ಗೋಡೆಯತ್ತ ನೋಡಿ, "ಆರು ನಿಮಿಷ ತಡ ಆತಲ್ರಿ ರಾಯರ" ಎಂದರು.

"ನಿಮ್ಮ ಗಡಿಯಾರ ಮುಂದ ಓಡಲಿಕ್ಕತ್ತದ" ಎಂದೆ.

ಅವರು ಒಳಗಡೆ ತಿರುಗಿ, "ಏ, ರಾಯರಿಗೆ ಮೊದಲ ನೀರು ಕೊಡು" ಎಂದು ಕೂಗಿ, ಬಿಳಿಯ ಕಾಯಿಗಳನ್ನು ನನ್ನ ಕಡೆ ತಿರುಗಿಸಿದರು.

ಮರುದಿನ ಬೆಳಿಗ್ಗೆ ಲಕ್ಷ್ಮಿ ರಸ್ತೆಯ ಅದೇ ಅಂಗಡಿಗೆ ಹೋಗಿ ನನ್ನ ಕಿಸೆಯ ಗಡಿಯಾರವನ್ನು ಬಿಚ್ಚಿ ನೋಡಲು ಕೊಟ್ಟೆ. ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ತೆರೆದ. ಯಂತ್ರದಲ್ಲಿ ದೋಷವೇನೂ ಇಲ್ಲವೆಂದು ಅವನು ಹೇಳುವುದರೊಳಗಾಗಿ ನಾನು ಅಂಗಡಿಯ ಮೆಟ್ಟಿಲಿಳಿದು ಹೊರಟುಬಂದೆ.